ಎಡಗಾಲಿನ ಅಲಗು

ಎಡಗಾಲಿನ ಸ್ಕೇಟು ಇನ್ನೂ ಸಾಣೆಯಂತ್ರದ ಹಿಡಿಕೆಯಲ್ಲಿರುವಾಗಲೇ ಬಾಗಿಲು ಧಡಾರನೆ ತೆರೆದುಕೊಂಡಿತು. ಕಜಾಕ್ ಹುಡುಗಿಯರ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಹೆಂಗಸು ಒಂಟಿ ಸ್ಕೇಟೊಂದನ್ನು ಎದೆಗೊತ್ತಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು. ಸೆಮಿಫೈನಲ್ ಮುಗಿಯಲು ಆರೇ ನಿಮಿಷ ಬಾಕಿ, ಕೊರಿಯಾದವರ ಜೊತೆ ಎರಡು–ಎರಡು ಸಮ, ಈ ಹೊತ್ತಿನಲ್ಲಿ ನಮ್ಮ ಕ್ಯಾಪ್ಟನ್ನು ಗೋಲಿನ ಕಂಬಕ್ಕೆ ಕಾಲು ಬಡಿದು ಅಲಗಿನ ಅಂಚು ಕೆಡಿಸಿಕೊಂಡು ಬೆಂಚಿನ ಮೇಲೆ ಒಂಟಿಗಾಲಲ್ಲಿ ಕೂತಿದ್ದಾಳೆ ಎಂದು ಒಂದೇ ಉಸಿರಿನಲ್ಲಿ ಒದರಿದಳು.

ತೊಲೆಗೆನ್ ತಲೆ ಎತ್ತದೆ ಕೈ ಚಾಚಿದ. ಓಸ್ಕೆಮೆನ್ ಊರಿನ ಈ ಹಿಮದ ಅಂಗಳದಲ್ಲಿ ಮೂವತ್ತೊಂದು ವರ್ಷದಿಂದ ಸಾಣೆ ಹಿಡಿಯುತ್ತ ಬಂದವನು ಅವನು. ಇಂಥ ಧಾವಂತ ಅವನಿಗೆ ಹೊಸದಲ್ಲ. ಆರು ದೇಶಗಳ ಹೆಂಗಸರ ಐಸ್ ಹಾಕಿ ತಂಡಗಳು ಬಂದು ಐದು ದಿನವಾಗಿತ್ತು. ಸ್ವಂತ ಸಾಣೆಯವನನ್ನು ಕರೆತರುವ ಶಕ್ತಿಯಿಲ್ಲದ ತಂಡಗಳ ಸ್ಕೇಟುಗಳೆಲ್ಲ ಅವನ ಕೋಣೆಗೇ ಬರುತ್ತಿದ್ದವು. ಅತಿಥಿಯನ್ನು ದೇವರು ಕಳಿಸುತ್ತಾನೆ ಎಂದು ನಂಬಿದ ಮಂದಿ ನಾವು. ಅವರ ಸ್ಕೇಟನ್ನು ಅವನು ನಮ್ಮವರದಕ್ಕಿಂತ ಮೊದಲೇ ಮುಗಿಸಿ ಕೊಡುತ್ತಿದ್ದ.

ಹಿಡಿಕೆಯಲ್ಲಿದ್ದುದು ಕಿರ್ಗಿಜ್ ತಂಡದ ಗೋಲ್ ಕೀಪರ್ ಬುರುಲ್‌ಳ ಸ್ಕೇಟು. ಗೋಲು ಕಾಯುವವರ ಅಲಗು ಉಳಿದವರದಕ್ಕಿಂತ ದಪ್ಪ. ಅದಕ್ಕಾಗಿ ಹಿಡಿಕೆಯ ತಿರುಪನ್ನು ಅರ್ಧ ಸುತ್ತು ತಿರುಗಿಸಿ ಎತ್ತರ ಹೊಂದಿಸಬೇಕು. ಇಲ್ಲದಿದ್ದರೆ ಚಕ್ರ ಅಲಗಿನ ನಟ್ಟನಡುವೆ ಕೂರುವುದಿಲ್ಲ, ಒಂದು ಅಂಚು ಎತ್ತರವಾಗಿ ಇನ್ನೊಂದು ತಗ್ಗುತ್ತದೆ. ತೊಲೆಗೆನ್ ಬುರುಲ್‌ಳ ಸ್ಕೇಟನ್ನು ಬಿಚ್ಚಿ ಪಕ್ಕಕ್ಕಿಟ್ಟ. ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಕ್ಯಾಪ್ಟನ್ನಿನ ಸ್ಕೇಟನ್ನು ಬಿಗಿದು, ಆರು ಸಲ ಚಕ್ರಕ್ಕೆ ಎಳೆದು, ಅಂಚು ಸಮವಿದೆಯೇ ಎಂದು ಅಲಗಿನ ಮೇಲೆ ನಾಣ್ಯವಿಟ್ಟು ನೋಡಿ ಕಳಿಸಿದ.

ಸ್ವಲ್ಪ ಹೊತ್ತಿಗೆ ಮಾಡು ಹಾರಿಹೋಗುವ ಹಾಗೆ ಕೂಗೆದ್ದಿತು. ತೊಲೆಗೆನ್‌ಗೆ ತಡೆಯಲಾಗಲಿಲ್ಲ. ಮುಂಗವಚವನ್ನೂ ಬಿಚ್ಚದೆ ಓಣಿಯ ತುದಿಗೆ ಓಡಿದ. ನಮ್ಮವರು ಮೂರು, ಕೊರಿಯಾದವರು ಎರಡು. ಹೊಡೆದದ್ದು ಕ್ಯಾಪ್ಟನ್ನೇ. ಅಲ್ಲಿ ಗಾಜಿನ ಪಕ್ಕ ನಿಂತಿದ್ದ ಯೆರ್ಮೆಕ್ ಅವನನ್ನು ಬಾಚಿ ತಬ್ಬಿಕೊಂಡ. ಗಂಡಸರ ರಾಷ್ಟ್ರೀಯ ತಂಡದ ಮ್ಯಾನೇಜರ್ ಅವನು, ರಾಜಧಾನಿಯಿಂದ ಪಂದ್ಯ ನೋಡಲು ಬಂದಿದ್ದ. ಹಿರಿಯರ ಹೆಸರನ್ನು ಪೂರ್ತಿ ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲವಾದ್ದರಿಂದ ತೊಲೆಗೆನ್ ಅವನ ಬಾಯಲ್ಲಿ ತೊಕೆ.

"ತೊಕೆ, ನೀವು ಸಾಣೆ ಹಿಡಿದ ಕಾಲೇ ಗೆಲ್ಲಿಸ್ತು ನೋಡಿ. ಇನ್ನು ಯಾರ ಹತ್ರಾನೂ ಕೇಳೋದಿಲ್ಲ. ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿಗೆ ನಮ್ಮ ಜೊತೆ ಪ್ರಾಗ್‌ಗೆ ನೀವೇ ಬರೋದು."

ಅರವತ್ನಾಲ್ಕು ವರ್ಷದಲ್ಲಿ ತೊಲೆಗೆನ್ ಗಡಿಯಾಚೆಯ ಓಮ್ಸ್ಕ್ ಊರಿಗಿಂತ ದೂರ ಹೋದವನಲ್ಲ. ಕೋಣೆಗೆ ಮರಳುವಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿ ರೌಶನ್‌ಗೆ ಫೋನು ಹಚ್ಚಿ ವಿಷಯ ಹೇಳಿದ. ಆಕೆ ಹೌದೇ ಹೌದೇ ಎಂದು ನಾಲ್ಕು ಸಲ ಕೇಳಿ, ನಂಬಿಕೆ ಬಂದ ಮೇಲೆ ಅಕ್ಕಪಕ್ಕದ ಮನೆಗಳಿಗೆ ಸುದ್ದಿ ಮುಟ್ಟಿಸಲು ಫೋನಿಟ್ಟಳು. ತೊಲೆಗೆನ್ ಶಿಳ್ಳೆ ಹಾಕುತ್ತ ಬುರುಲ್‌ಳ ಎಡಗಾಲಿನ ಸ್ಕೇಟನ್ನು ಮತ್ತೆ ಹಿಡಿಕೆಗೆ ಬಿಗಿದು ಎಂಟು ಸಲ ಎಳೆದ. ತಿರುಪು ಮುಟ್ಟಲಿಲ್ಲ.

ಬುರುಲ್ ಬಾಗಿಲಲ್ಲಿ ಕಾಯುತ್ತಿದ್ದಳು. ನಾರಿನ್ ಕಡೆಯ ಬೆಟ್ಟದೂರಿನಲ್ಲಿ ಆಟದ ಮೇಡಂ, ಇಪ್ಪತ್ತನಾಲ್ಕು ವರ್ಷ. ಹೆಪ್ಪುಗಟ್ಟಿದ ನದಿಯ ಮೇಲೆ ಕಲಿತ ಹುಡುಗಿ. ಅವರ ಮಾತಿಗೂ ನಮ್ಮ ಮಾತಿಗೂ ಎರಡು ಕಣಿವೆಗಳಷ್ಟೇ ದೂರ. ರಾಗ ಬೇರೆ, ಅರ್ಥ ಒಂದೇ.

"ಎಡಗಾಲಿಂದನ ನಾ ತಳ್ಳೂದು ಅತಾ. ಅದ ನನಗ ಆಧಾರ," ಎಂದಳು. ಅತಾ ಎಂದರೆ ಅಜ್ಜ.

"ಹೋಗು ಮಗಳೇ, ಬೆಣ್ಣೆ ಕೊಯ್ದ ಹಾಗೆ ಹೋಗುತ್ತೆ," ಎಂದು ತೊಲೆಗೆನ್ ಸ್ಕೇಟನ್ನು ಅವಳ ಕೈಗಿತ್ತ.

ಮುಂಗವಚದ ಜೇಬಿನಲ್ಲಿ ಮೂರು ಕೊಪೆಕ್ಕಿನ ಹಳೆಯ ಸೋವಿಯತ್ ನಾಣ್ಯ ಹಾಗೇ ಉಳಿದಿತ್ತು. ಅದು ಅವನಿಗೆ ಕೆಲಸ ಕಲಿಸಿದ ರೈನ್‌ಹೋಲ್ಡ್ ಜರ್ಮನಿಗೆ ಹೊರಟಾಗ ಕೊಟ್ಟುಹೋದದ್ದು. ಸ್ಕೇಟನ್ನು ಬೋರಲು ಹಿಡಿದು ಅಲಗಿಗೆ ಅಡ್ಡಲಾಗಿ ನಾಣ್ಯವಿಟ್ಟರೆ ಎರಡು ಅಂಚುಗಳ ಸಮ ವಿಷಮ ಕಣ್ಣಿಗೆ ಹೊಡೆಯುತ್ತದೆ. ಅಂಚು ಸಮವಿದ್ದರೆ ನಾಣ್ಯ ನೆಟ್ಟಗೆ ಕೂರುತ್ತದೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ವಾಲುತ್ತದೆ. ನಾಣ್ಯ ಇಡದೆ ಸ್ವಂತ ಮಗನಿಗೂ ಸ್ಕೇಟು ಕೊಡಬೇಡ ಎಂದಿದ್ದ ರೈನ್‌ಹೋಲ್ಡ್. ಮೂವತ್ತೊಂದು ವರ್ಷ ತೊಲೆಗೆನ್ ಆ ಮಾತು ಮೀರಿರಲಿಲ್ಲ.

ಕಿರ್ಗಿಜ್ ತಂಡಕ್ಕೆ ಅಂದು ಥಾಯ್ಲೆಂಡಿನ ಜೊತೆ ಪಂದ್ಯ. ಸೋತವರು ಕೊನೆಯ ಸ್ಥಾನಕ್ಕಿಳಿದು ಮುಂದಿನ ವರ್ಷ ಈ ಟೂರ್ನಿಗೆ ಬರುವ ಹಾಗಿಲ್ಲ. ತೊಲೆಗೆನ್ ಎಂದೂ ಪಂದ್ಯಕ್ಕೆ ಕೂರುವವನಲ್ಲ. ಯೆರ್ಮೆಕ್ ಕೈ ಹಿಡಿದು ಎಳೆದನೆಂದು ಮುಂದಿನ ಸಾಲಿನಲ್ಲಿ ಅವನ ಪಕ್ಕ ಕೂತ. ಯೆರ್ಮೆಕ್ ಪ್ರಾಗ್‌ನ ಹೋಟೆಲು, ಅಲ್ಲಿನ ಸಾಣೆಯಂತ್ರಗಳು, ತಂಡದ ಹೆಸರು ಬರೆದ ಜಾಕೀಟು ಎಂದು ಹೇಳುತ್ತಲೇ ಇದ್ದ. ತೊಲೆಗೆನ್ ಹೂಂಗುಟ್ಟುತ್ತಿದ್ದ.

ಆಟ ಶುರುವಾಗಿ ಮೂರನೇ ನಿಮಿಷಕ್ಕೆ ಬುರುಲ್ ತನ್ನ ಎಡಗಾಲನ್ನು ಬಗ್ಗಿ ನೋಡಿಕೊಂಡಳು. ಅಲಗನ್ನು ಹಿಮಕ್ಕೆ ಎರಡು ಸಲ ಕೆರೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೆರೆದಳು. ತೊಲೆಗೆನ್‌ನ ಕೈ ತಾನಾಗಿ ಜೇಬಿಗೆ ಹೋಗಿ ನಾಣ್ಯ ಮುಟ್ಟಿತು, ಕೂಡಲೇ ತಿರುಗಿಸದೆ ಬಿಟ್ಟ ತಿರುಪಿನ ನೆನಪಾಯಿತು. ಯೆರ್ಮೆಕ್ ಏನೋ ಕೇಳುತ್ತಿದ್ದ. ಇವನು ಅದಕ್ಕೂ ಹೂಂ ಎಂದ.

ಸರಿಪಡಿಸಲು ಸಮಯವಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಅದು ಸುಳ್ಳು. ಮೊದಲ ವಿರಾಮ ಹದಿನೈದು ನಿಮಿಷ, ಎರಡನೆಯದೂ ಹದಿನೈದು. ಎದ್ದು ಹೋಗಿ, ಮಗಳೇ ಆ ಸ್ಕೇಟು ಇತ್ತ ಕೊಡು ಎಂದರೆ ಐದು ನಿಮಿಷದ ಕೆಲಸ. ಆದರೆ ಯೆರ್ಮೆಕ್ ಪಕ್ಕದಲ್ಲಿದ್ದ. ಏನಾಯ್ತು ತೊಕೆ ಎಂದು ಕೇಳದೆ ಬಿಡುವವನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇಗೋ ಸುಧಾರಿಸಿಕೊಳ್ಳುತ್ತಾಳೆ, ನದಿಯ ಮೇಲೆ ಆಡಿದವಳು ಎಂದು ಮನಸ್ಸಿಗೆ ಸಮಾಧಾನ ಹೇಳಿ ತೊಲೆಗೆನ್ ಎರಡು ವಿರಾಮದಲ್ಲೂ ಕೂತಲ್ಲೇ ಕೂತು ಚಹಾ ಕುಡಿದ.

ಹುಡುಗಿ ಸುಧಾರಿಸಿಕೊಂಡಳು ಕೂಡ. ಕೊನೆಯ ನಿಮಿಷದ ತನಕ ಇಪ್ಪತ್ತೆಂಟು ಹೊಡೆತಗಳಲ್ಲಿ ಇಪ್ಪತ್ತೇಳನ್ನು ತಡೆದಳು. ಒಂದು–ಒಂದು ಸಮವಾಗಿದ್ದಾಗ, ಕೊನೆಯ ನಿಮಿಷದಲ್ಲಿ, ಥಾಯ್ ಹುಡುಗಿಯೊಬ್ಬಳು ಗೋಲಿನ ಎಡಬದಿಯಿಂದ ಬಲಬದಿಗೆ ಆಟದ ಬಿಲ್ಲೆ ಪಕ್ ದಾಟಿಸಿದಳು. ಬುರುಲ್ ಎಡಗಾಲೂರಿ ಬಲಕ್ಕೆ ತಳ್ಳಿದಳು. ಕಾಲು ಹಿಮವನ್ನು ಕಚ್ಚದೆ ಹೊರಕ್ಕೆ ಜಾರಿತು. ಅವಳು ಮೊಗಚಿಬಿದ್ದಳು. ಪಕ್ ಅವಳ ಕೈಗೆ ಒಂದು ಗೇಣು ದೂರದಲ್ಲಿ, ಯಾರೂ ಗದರದ ಬೆಕ್ಕಿನ ಹಾಗೆ ನಿಧಾನವಾಗಿ ಗೋಲಿನೊಳಗೆ ಹೋಯಿತು.

ತಾಳೆಮರದ ನಾಡಿನವರ ಕೈಲಿ ಹಿಮದ ಮೇಲೆ ಸೋತರಲ್ಲಪ್ಪ ಬೆಟ್ಟದ ಮಂದಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಫೋನುಗಳಲ್ಲಿ ಆಗಲೇ ಅವಳು ಬೀಳುತ್ತಿದ್ದಳು, ಮತ್ತೆ ಮತ್ತೆ. ಯೆರ್ಮೆಕ್, ಪಾಪ, ಒಳ್ಳೇ ಹುಡುಗಿ, ಕಾಲು ಸೋತಿತು ಎಂದ. ತೊಲೆಗೆನ್ ಅದಕ್ಕೂ ಹೂಂ ಎಂದ. ಅಂದು ಅವನು ಹೇಳಿದ ಹೂಂಗಳಲ್ಲಿ ಅದು ತೀರಾ ಕೀಳಾದದ್ದು, ಅದು ಅವನಿಗೇ ತಿಳಿದಿತ್ತು.

ಮೂರು ಗಂಟೆಯ ಹೊತ್ತಿಗೆ ಅವಳು ಕೋಣೆಗೆ ಬಂದಳು. ಹೆಗಲಲ್ಲಿ ಸ್ಕೇಟಿನ ಚೀಲ, ಕೈಯಲ್ಲೊಂದು ಬಟ್ಟೆಯ ಗಂಟು. ಕಣ್ಣು ಕೆಂಪಗಿದ್ದವು. ಗೊತ್ತಾಗಿದೆ, ಕೇಳಲು ಬಂದಿದ್ದಾಳೆ ಎಂದುಕೊಂಡ ತೊಲೆಗೆನ್. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅವಳು ಗಂಟನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದಳು. ಅಮ್ಮ ಒಣಗಿಸಿ ಕೊಟ್ಟ ಕುರುತ್ ಎಂದಳು, ಉಪ್ಪು ಹಾಕಿ ಉಂಡೆಗಟ್ಟಿದ ಒಣ ಮೊಸರು. ಆಮೇಲೆ ಬಂದ ಕಾರಣ ಹೇಳಿದಳು. ಆಟ ಮುಗಿದ ಮೇಲೆ ಎಲ್ಲರೆದುರಿಗೆ ಸ್ಕೇಟು ಜಾರಿತು ಎಂಬ ಮಾತು ಅವಳ ಬಾಯಿಂದ ಬಂದುಬಿಟ್ಟಿತಂತೆ. ಕೋಚ್ ಮಿರ್ಲಾನ್ ಅಲ್ಲೇ ಹಿಡಿದು ಜಾಡಿಸಿದನಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಮ್ಮ ಉಪ್ಪು ತಿನ್ನದೆಯೂ ನಮಗಾಗಿ ಐದು ದಿನ ದುಡಿದ ಹಿರಿಯರ ಕೆಲಸದ ಮೇಲೆ ತಪ್ಪು ಹೊರಿಸುತ್ತೀಯಾ, ಹೋಗಿ ಕ್ಷಮೆ ಕೇಳಿ ಬಾ ಎಂದು ಕಳಿಸಿದನಂತೆ. ಬರುವ ವರ್ಷದಿಂದ ಗೋಲಿಗೆ ಬೇರೆ ಹುಡುಗಿ ನಿಲ್ಲುತ್ತಾಳೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದ್ದ.

"ತಪ್ಪಾತು ಅತಾ. ಸಿಟ್ಟಿನಾಗ ಬಾಯಿ ಜಾರಿತು," ಎಂದಳು. ಸ್ವಲ್ಪ ತಡೆದು, "ಆದ್ರ ಒಂದ ಮಾತು. ನೀವು ಆ ನಾಣ್ಯ ಇಟ್ಟು ಒಮ್ಮೆ ತೋರಸ್ರಿ. ನನ್ನ ಮನಸಿನ ಅನುಮಾನ ಹೋಗ್ಲಿ. ಇಲ್ಲಂದ್ರ ಊರಿಗೆ ಹೋದ ಮ್ಯಾಲೂ ಅದ ಕೊರೀತಿರತೈತಿ."

ಅವಳು ಸ್ಕೇಟನ್ನು ಅವನ ಕೈಗೆ ಕೊಟ್ಟಳು. ತೊಲೆಗೆನ್ ಅದನ್ನು ಬೋರಲು ತಿರುಗಿಸಿದ. ನಾಣ್ಯ ಬೇಕಿರಲಿಲ್ಲ, ಹೆಬ್ಬೆರಳಿಗೇ ಗೊತ್ತಾಯಿತು. ಹೊರಗಿನ ಅಂಚು ಎದ್ದು ನಿಂತಿತ್ತು, ಒಳಗಿನದು ಸತ್ತಿತ್ತು. ಆ ಕಾಲೂರಿ ಅವಳು ಮೂರು ಅವಧಿ ನಿಂತದ್ದೇ ಪವಾಡ.

"ಸ್ವಲ್ಪ ಧೂಳಿದೆ, ಒರೆಸಿಬಿಡ್ತೀನಿ," ಎಂಬ ಮಾತು ಅವನ ಬಾಯಿಂದ ಬಂತು. ಅದು ಎಲ್ಲಿಂದ ಬಂತೋ ಅವನಿಗೆ ತಿಳಿಯಲಿಲ್ಲ. ಕೈ ಮಾತ್ರ ತಡವರಿಸಲಿಲ್ಲ. ತಿರುಪನ್ನು ಅರ್ಧ ಸುತ್ತು ತಿರುಗಿಸಿತು, ಸ್ಕೇಟನ್ನು ಬಿಗಿಯಿತು, ಚಕ್ರಕ್ಕೆ ಎಳೆಯಿತು. ಹತ್ತು ಸಲ. ಕಿಡಿಗಳು ಚಿಮ್ಮಿ ಅವನ ಮುಂಗೈ ಮೇಲೆ ಬಿದ್ದವು. ಬುರುಲ್ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ತಿರುಪನ್ನೂ ನೋಡಿದಳು, ಕೈಯನ್ನೂ ನೋಡಿದಳು.

ಅವನು ಸ್ಕೇಟನ್ನು ಬಿಚ್ಚಿ ನಾಣ್ಯವಿಟ್ಟ. ನಾಣ್ಯ ನೆಟ್ಟಗೆ ಕೂತಿತು.

"ಸಮ ಇದೆ ನೋಡು."

ಅವಳು ಬಹಳ ಹೊತ್ತು ನೋಡಿದಳು. "ಹಂಗಾದ್ರ ನನ್ನ ಕಾಲಂದ ತಪ್ಪು," ಎಂದಳು. ಸ್ಕೇಟನ್ನು ಚೀಲಕ್ಕೆ ಹಾಕಿಕೊಂಡು, ಹಿರಿಯರ ಮುಂದೆ ಬೆನ್ನು ತೋರಿಸಬಾರದೆಂದು ಹಿಂದಡಿಯಿಟ್ಟು ಬಾಗಿಲ ತನಕ ಹೋಗಿ ಹೊರಟುಹೋದಳು.

ತೊಲೆಗೆನ್ ಸ್ಟೂಲಿನ ಮೇಲೆ ಕೂತ. ಮೇಜಿನ ಮೇಲೆ ಕುರುತ್ ಗಂಟು. ಅದರ ಬಟ್ಟೆಗೆ ಯಾರೋ ನೀಲಿ ದಾರದಲ್ಲಿ ಸಣ್ಣ ಹೂವಿನ ಕಸೂತಿ ಹಾಕಿದ್ದರು. ಮಗಳು ದೊಡ್ಡ ಊರಿನ ಆಟಕ್ಕೆ ಹೊರಟಳೆಂದು ಹುಡುಕಿ ತೆಗೆದ ಬಟ್ಟೆಯಿರಬೇಕು. ಒಂದು ಉಂಡೆ ತೆಗೆದು ಬಾಯಿಗೆ ಹಾಕಲು ಹೋದವನು ಆಗದೆ ಜೇಬಿಗೆ ಸೇರಿಸಿದ. ಸಾಣೆ ತಪ್ಪಿದ್ದು ಕೈಯ ತಪ್ಪು, ಮನುಷ್ಯನಾದವನಿಗೆ ಆಗುತ್ತದೆ. ವಿರಾಮದಲ್ಲಿ ಏಳದೆ ಕೂತದ್ದು ಪುಕ್ಕಲುತನ. ಈಗ ಮಾಡಿದ್ದು ಏನು? ಅದಕ್ಕೆ ಹೆಸರು ಹುಡುಕಲು ಅವನಿಗೆ ಧೈರ್ಯವಾಗಲಿಲ್ಲ. ತನ್ನನ್ನು ಕಂಡು ತನಗೇ ಹೇಸಿಗೆಯಾಯಿತು.

ನಾಲ್ಕು ಗಂಟೆಗೆ ಕಿರ್ಗಿಜ್ ತಂಡದ ಬಸ್ಸು. ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುವಾಗ ತೊಲೆಗೆನ್ ಎದ್ದು ಓಡಿದ. ಹೊರಗೆ ಮೈನಸ್ ಇಪ್ಪತ್ತೆರಡು, ಮೈಮೇಲೆ ಕೋಟಿಲ್ಲ, ತಲೆಗೆ ಟೊಪ್ಪಿಗೆಯಿಲ್ಲ. ಬಸ್ಸಿನ ಬಾಗಿಲು ಮುಚ್ಚುತ್ತಿತ್ತು. ಅಂಗೈಯಿಂದ ಬಡಿದು ತೆಗೆಸಿ ಹತ್ತಿದ. ಹಿರಿಯರು ಬಂದರೆಂದು ಮಿರ್ಲಾನ್ ಎದ್ದು ನಿಂತ. ಹುಡುಗಿಯರೂ ಎದ್ದರು.

"ಈ ಹುಡುಗಿದೇನೂ ತಪ್ಪಿಲ್ಲ," ಎಂದ ತೊಲೆಗೆನ್. "ತಪ್ಪು ನಂದು. ಎಡಗಾಲಿನ ಸ್ಕೇಟು ನಾನು ಸರಿಯಾಗಿ ಸಾಣೆ ಹಿಡಿದಿರಲಿಲ್ಲ. ಅದಕ್ಕೇ ಅವಳು ಜಾರಿದ್ದು. ಅವಳನ್ನ ತೆಗೀಬೇಡಿ."

ಮಿರ್ಲಾನ್ ಒಂದು ಗಳಿಗೆ ಅವನ ಮುಖ ನೋಡಿ, ಆ ಸ್ಕೇಟು ಇತ್ತ ಕೊಡಿ ಎಂದ. ಕೊನೆಯ ಸೀಟಿನಿಂದ ಅದು ಕೈಯಿಂದ ಕೈಗೆ ದಾಟಿ ಬಂತು. ತೊಲೆಗೆನ್‌ನ ನಾಣ್ಯದ ವಿಷಯ ಐದು ದಿನದಲ್ಲಿ ಎಲ್ಲ ತಂಡಗಳಿಗೂ ಗೊತ್ತಾಗಿತ್ತು. ಮಿರ್ಲಾನ್ ಅದನ್ನು ಕೇಳಿ ಇಸಿದುಕೊಂಡು, ಸ್ಕೇಟನ್ನು ಬೋರಲು ಹಿಡಿದು ಅಲಗಿನ ಮೇಲಿಟ್ಟ. ಬಸ್ಸು ಎಂಜಿನ್ನಿಗೆ ನಡುಗುತ್ತಿದ್ದರೂ ನಾಣ್ಯ ನೆಟ್ಟಗೇ ಇತ್ತು.

"ಸಮಾ ಐತಲ್ರಿ, ಅತಾ."

ಹೇಳಲು ಇನ್ನೊಂದೇ ಮಾತು ಉಳಿದಿತ್ತು. ಒಂದು ಗಂಟೆ ಮುಂಚೆ ನಾನೇ ಅದನ್ನ ಸರಿ ಮಾಡಿದೆ, ಅವಳ ಕಣ್ಣೆದುರಿಗೇ ಮಾಡಿದೆ. ಅಷ್ಟು ಹೇಳಿದರೆ ಎಲ್ಲವೂ ಹೇಳಿದ ಹಾಗೆ. ಆ ಮಾತು ನಾಲಿಗೆಯ ತುದಿಯ ತನಕ ಬಂತು. ಹಿಂದಿನ ಸೀಟಿನ ಬಳಿ ಬುರುಲ್ ನಿಂತಿದ್ದಳು. ಅವಳು ಅವನ ಬಾಯನ್ನೇ ನೋಡುತ್ತಿದ್ದಳು, ಆ ಒಂದು ಮಾತಿಗೆ ಕಾಯುತ್ತಿದ್ದಳು. ಎಲ್ಲ ತಿಳಿದವಳು ಅವಳೊಬ್ಬಳೇ. ಆದರೆ ಹಿರಿಯನೊಬ್ಬ ಎದುರಿಗಿರುವಾಗ ಅವನ ಬದಲಿಗೆ ಅವಳು ಬಾಯಿ ತೆರೆಯುವ ಹಾಗಿರಲಿಲ್ಲ. ಕೈ ತಪ್ಪಿತು ಎಂದು ಹೇಳಬಹುದಿತ್ತು, ಹೇಳಿದ್ದ. ಕೇಳಲು ಬಂದ ಮಗುವಿನ ಕಣ್ಣಿಗೆ ಮಣ್ಣೆರಚಿದೆ ಎಂದು ಇಪ್ಪತ್ತು ಜನರೆದುರು ಹೇಗೆ ಹೇಳುವುದು? ತೊಲೆಗೆನ್ ಬಾಯಿ ತೆರೆದ. ಮತ್ತೆ ಮುಚ್ಚಿದ.

ಮಿರ್ಲಾನ್‌ನ ಮುಖ ಅರಳಿತು. ತೊಲೆಗೆನ್‌ನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

"ನೋಡ್ರೆ ಹುಡುಗ್ಯಾರಾ, ದೊಡ್ಡವರು ಅಂದ್ರ ಹಿಂಗಿರಬೇಕು. ಬುರುಲ್, ನೀ ಇವರ ಕೆಲಸದ ಮ್ಯಾಲೆ ತಪ್ಪ ಹೊರಿಸಿದಿ. ಇವರು ನಿನ್ನ ತಪ್ಪ ತಮ್ಮ ತಲಿಮ್ಯಾಲೆ ಹೊತ್ಕೊಳ್ಳಾಕ ಈ ಚಳಿಯಾಗ ಓಡಿ ಬಂದಾರ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಇಬ್ಬರ ಕಣ್ಣಲ್ಲಿ ನೀರಿತ್ತು. ಮಿರ್ಲಾನ್ ತನ್ನ ಚೀಲದಿಂದ ಹೊಸ ಬಿಳಿ ಕಂಬಳಿ ಟೊಪ್ಪಿಗೆಯೊಂದನ್ನು ತೆಗೆದ. ಅವರ ಕಡೆ ಅದು ದೊಡ್ಡ ಮನುಷ್ಯರಿಗೆ ಸಲ್ಲುವ ಮರ್ಯಾದೆ, ಟೂರ್ನಿಯ ಅಧ್ಯಕ್ಷರಿಗೆಂದು ತಂದು ಮಿಕ್ಕದ್ದೇನೋ. ಅದನ್ನು ತೊಲೆಗೆನ್‌ನ ಬರಿತಲೆಯ ಮೇಲಿಟ್ಟು ಎರಡೂ ಕೈಯಿಂದ ಸರಿಪಡಿಸಿದ. ಟೊಪ್ಪಿಗೆ ಬೆಚ್ಚಗಿತ್ತು. ತೊಲೆಗೆನ್‌ಗೆ ಅದರಡಿಯಲ್ಲಿ ತಲೆ ಎತ್ತಲಾಗಲಿಲ್ಲ.

ಸ್ಕೇಟು ಮತ್ತೆ ಕೈಯಿಂದ ಕೈಗೆ ದಾಟಿ ಹಿಂದಕ್ಕೆ ಹೋಯಿತು, ಅದರ ಜೊತೆಗೆ ನಾಣ್ಯವೂ ಹೋಯಿತು. ಬುರುಲ್ ಎರಡನ್ನೂ ತೆಗೆದುಕೊಂಡಳು. ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಿ ಮುಷ್ಟಿ ಮುಚ್ಚಿದಳು. ಚಪ್ಪಾಳೆ ತಟ್ಟದವಳು ಅವಳೊಬ್ಬಳೇ.

"ಇಳೀರಿ ಅತಾ," ಎಂದಳು ಅಲ್ಲಿಂದಲೇ, ಮೆಲ್ಲಗೆ. "ಬಸ್ ಹೊರಡಬೇಕು. ದಾರಿ ಭಾಳ ದೂರ ಐತಿ."

ಅವನು ಇಳಿದ. ನಾಣ್ಯ ಕೇಳಲಿಲ್ಲ.

ಸುದ್ದಿಗೆ ಕಾಲಿಲ್ಲದಿದ್ದರೂ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. ಅಂಗಳ ಗುಡಿಸುವ ಹೆಂಗಸು ಎದ್ದು ನಿಂತು ದಾರಿ ಬಿಟ್ಟಳು. ಬಾಗಿಲು ಕಾಯುವವನು ಟೊಪ್ಪಿಗೆ ಚೆನ್ನಾಗಿ ಒಪ್ಪುತ್ತದೆ ಎಂದ. ಕೋಣೆಯಲ್ಲಿ ಮರುದಿನದ ಫೈನಲ್ಲಿಗೆಂದು ನಮ್ಮ ತಂಡದ ಸ್ಕೇಟುಗಳು ಸಾಲಾಗಿ ಕಾಯುತ್ತಿದ್ದವು. ತೊಲೆಗೆನ್ ಟೊಪ್ಪಿಗೆಯನ್ನು ಮೊಳೆಗೆ ನೇತುಹಾಕಿ, ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಕ್ಯಾಪ್ಟನ್ನಿನ ಸ್ಕೇಟನ್ನು ಹಿಡಿಕೆಗೆ ಬಿಗಿದ. ಆಗ ಯೆರ್ಮೆಕ್ ಬಾಗಿಲಲ್ಲಿ ಕಾಣಿಸಿಕೊಂಡ.

"ಎಲ್ಲಾ ಕೇಳಿದೆ ತೊಕೆ. ಆ ಹುಡುಗಿಗೋಸ್ಕರ ನಿಮ್ಮ ಹೆಸರನ್ನೇ ಪಣಕ್ಕಿಟ್ರಂತೆ. ಇಂಥೋರು ನಮ್ಮ ತಂಡದ ಜೊತೆ ಇರಬೇಕು."

"ಅದು ಸುಳ್ಳಲ್ಲ ಯೆರ್ಮೆಕ್," ಎಂದ ತೊಲೆಗೆನ್ ಚಕ್ರದ ಕಡೆಗೆ ಮುಖ ಮಾಡಿಯೇ. "ಸ್ಕೇಟು ನಿಜವಾಗ್ಲೂ ಓರೆ ಆಗಿತ್ತು."

ಯೆರ್ಮೆಕ್ ನಕ್ಕು ಅವನ ಭುಜ ತಟ್ಟಿದ. "ಆಗಿತ್ತು, ಆಗಿತ್ತು. ಅಲ್ಲಿ ಹೇಳಿದ್ದಾಯ್ತು, ನನ್ನ ಹತ್ರಾನೂ ಯಾಕೆ? ಅದಿರಲಿ, ಜಾಕೀಟು ಹೊಲಿಯೋಕೆ ಹಾಕ್ಬೇಕು. ನಿಮ್ಮ ಅಳತೆ ಎಷ್ಟು?"

ಚಕ್ರ ಸುತ್ತುತ್ತಿತ್ತು. ತೊಲೆಗೆನ್ ಅದನ್ನೇ ನೋಡುತ್ತಿದ್ದ.

"ಐವತ್ತೆರಡು," ಎಂದ.

ಯೆರ್ಮೆಕ್ ಫೋನಿನಲ್ಲಿ ಬರೆದುಕೊಂಡು ಹೋದ. ತೊಲೆಗೆನ್ ತಿರುಪನ್ನು ಒಮ್ಮೆ ಮುಟ್ಟಿ ನೋಡಿದ, ಇನ್ನೊಮ್ಮೆ ಮುಟ್ಟಿ ನೋಡಿದ. ಸ್ಕೇಟನ್ನು ಆರು ಸಲ ಎಳೆದು, ಬಿಚ್ಚಿ, ಬೋರಲು ತಿರುಗಿಸಿ ಬೆಳಕಿಗೆ ಹಿಡಿದ. ಬಲಗೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಬೆರಳಿಗೆ ಕುರುತ್ ಉಂಡೆ ಸಿಕ್ಕಿತು.